ಹೊರಗಿನ ಆಂಟೆನಾ ಜಾಯಿಂಟಿಗೆ ನೀರು ಇಳಿಯದ ಹಾಗೆ ನಾನು ಟೇಪ್ ಸುತ್ತುವ ಬಗೆ

ಬಿಸಿಲು ಮಳೆಗೆ ಮೊದಲು ಕೆಡುವುದು ಆಂಟೆನಾ ಅಲ್ಲ, ಅದಕ್ಕೆ ಕೇಬಲ್ ಬಂದು ಸೇರುವ ಜಾಗ. ನನ್ನ ಹ್ಯಾಮ್ ರೇಡಿಯೋ (ಹವ್ಯಾಸಿಗಳು ನಡೆಸುವ ರೇಡಿಯೋ) ಆಂಟೆನಾಗಳಲ್ಲಿ ಇರುವುದು ಪಿಎಲ್-259 ಕನೆಕ್ಟರ್. ಎಲ್ಲರೂ ಬಳಸುವಂಥದ್ದೇ, ಆದರೆ ನೀರು ತಡೆಯುವ ರಬ್ಬರ್ ವಾಷರ್ ಅದರಲ್ಲಿ ಇಲ್ಲ. ಎನ್-ಟೈಪ್ ಅನ್ನುವ ಇನ್ನೊಂದು ಬಗೆಯ ಕನೆಕ್ಟರಿನಲ್ಲಿ ವಾಷರ್ ಇರುತ್ತದೆ. ಅದನ್ನೂ ನಾನು ಬರಿಮೈಯಲ್ಲಿ ಬಿಡುವುದಿಲ್ಲ.

ಒಳಗೆ ಹೋದ ನೀರು ಅಲ್ಲೇ ನಿಲ್ಲುವುದಿಲ್ಲ. ಬತ್ತಿ ಎಣ್ಣೆ ಹೀರಿದ ಹಾಗೆ ಕೇಬಲ್ಲಿನ ತಾಮ್ರದ ಜಾಲರಿ ಅದನ್ನು ಎಳೆದುಕೊಳ್ಳುತ್ತದೆ. ಹಳೆಯ ಕೇಬಲ್ ಒಂದನ್ನು ಸೀಳಿ ನೋಡಿದಾಗ ಕನೆಕ್ಟರಿನಿಂದ ಬಹಳ ದೂರದವರೆಗೂ ಜಾಲರಿ ಕಪ್ಪಾಗಿತ್ತು, ಅಲ್ಲಲ್ಲಿ ಹಸಿರು ಕಿಲುಬು. ತಮಾಷೆ ಏನೆಂದರೆ, ಕೇಬಲ್ ಹೀಗೆ ಹಾಳಾದಷ್ಟೂ ರೇಡಿಯೋ ಪಕ್ಕದ ಮೀಟರಿನಲ್ಲಿ, ಆಂಟೆನಾ ಕಡೆಯಿಂದ ಎಷ್ಟು ಪವರ್ ವಾಪಸ್ ಬರುತ್ತಿದೆ ಎಂದು ಹೇಳುವ ಅಂಕಿ, ಅಂದರೆ ಎಸ್‌ಡಬ್ಲ್ಯೂಆರ್ ಚೆನ್ನಾಗಿಯೇ ಕಾಣಬಹುದು. ವಾಪಸ್ ಬರಬೇಕಾದ ಪವರ್ ದಾರಿಯಲ್ಲೇ ಶಾಖವಾಗಿ ಕರಗಿಹೋದರೆ ಮೀಟರಿಗೆ ಏನು ಗೊತ್ತಾಗಬೇಕು, ಅಲ್ವಾ?

ಒಣ ಹವೆ ಇರುವ ದಿನವೇ ಕೆಲಸಕ್ಕೆ ಕೂರುತ್ತೇನೆ. ಕನೆಕ್ಟರ್ ಬಿಗಿ ಮಾಡಿ, ಸಿಗ್ನಲ್ ಸರಿ ಇದೆಯೇ ನೋಡಿದ ಮೇಲೆಯೇ ಟೇಪ್ ಕೈಗೆ ತೆಗೆದುಕೊಳ್ಳುವುದು.

ಮೊದಲು ಮಾಮೂಲಿ ಪಿವಿಸಿ ಟೇಪನ್ನು ಅಂಟು ಹೊರಗೆ ಬರುವ ಹಾಗೆ ತಿರುಗಿಸಿ ಒಂದು ಪದರ ಸುತ್ತುತ್ತೇನೆ. ಮುಂದೆ ಬಿಚ್ಚುವಾಗ ಇದರ ಬೆಲೆ ಗೊತ್ತಾಗುತ್ತದೆ: ಬ್ಲೇಡಿನಿಂದ ಉದ್ದಕ್ಕೆ ಒಂದು ಗೀರು ಹಾಕಿದರೆ ಇಡೀ ಕವಚ ಸಿಪ್ಪೆಯಾಗಿ ಬರುತ್ತದೆ, ಕನೆಕ್ಟರಿಗೆ ಅಂಟಿನ ಕಲೆ ಇರುವುದಿಲ್ಲ.

ಅದರ ಮೇಲೆ ಸೆಲ್ಫ್ ಅಮಾಲ್ಗಮೇಟಿಂಗ್ ಟೇಪ್. ಇದೇ ಮುಖ್ಯ, ಇದರಲ್ಲಿ ಮಾತ್ರ ಜಿಪುಣತನ ಬೇಡ. ಈ ರಬ್ಬರ್ ಟೇಪಿಗೆ ಅಂಟು ಇಲ್ಲ, ಎಳೆದು ಸುತ್ತಿದರೆ ಪದರಗಳು ಒಂದಕ್ಕೊಂದು ಬೆಸೆದು ಒಂದೇ ರಬ್ಬರ್ ಆಗುತ್ತವೆ. ಎಳೆಯದೆ ಸುಮ್ನೆ ಸುತ್ತಿದರೆ ಬೆಸೆಯುವುದೇ ಇಲ್ಲ. ಅಗಲ ಕಣ್ಣಿಗೆ ಕಾಣುವಷ್ಟು ಕಿರಿದಾಗುವ ತನಕ ಎಳೆಯುತ್ತೇನೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚಬೇಕು. ಕನೆಕ್ಟರಿಗಿಂತ ಎರಡು ಇಂಚು ಕೆಳಗೆ, ಕೇಬಲ್ ಸಿಪ್ಪೆಯ ಮೇಲಿಂದಲೇ ಶುರು.

ಈ ರಬ್ಬರನ್ನು ಬಿಸಿಲು ತಿನ್ನಬಾರದು ಅಂತ ಕೊನೆಗೆ ಒಳ್ಳೆಯ ಗುಣಮಟ್ಟದ ಕಪ್ಪು ಪಿವಿಸಿ ಟೇಪ್. ಇದನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಆಗ ಮೇಲಿನ ಸುತ್ತಿನ ಅಂಚು ಕೆಳಗಿನದರ ಮೇಲೆ ಕೂತು ನೀರು ಜಾರಿಹೋಗುತ್ತದೆ. ಕೊನೆಯ ಸುತ್ತನ್ನು ಎಳೆಯಬೇಡಿ, ಕೈಯಲ್ಲಿ ಹರಿಯಲೂಬೇಡಿ. ಬ್ಲೇಡಿನಿಂದ ಕತ್ತರಿಸಿ ಒತ್ತಿ. ಎಳೆದು ಹರಿದ ತುದಿ ಬೇಗ ಬಾಲ ಎತ್ತುತ್ತದೆ.

ಸಿಲಿಕೋನ್ ಬಳಿದರೆ ಸಾಲದೇ ಅಂತ ಕೇಳುವವರಿದ್ದಾರೆ. ವಿನೆಗರ್ ವಾಸನೆ ಬರುವ ಸಿಲಿಕೋನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ಅದು ತಾಮ್ರವನ್ನು ತಿನ್ನುತ್ತದೆ. ವಾಸನೆ ಇಲ್ಲದ ನ್ಯೂಟ್ರಲ್ ಬಗೆ ಪರವಾಗಿಲ್ಲ, ಆದರೆ ಆಮೇಲೆ ಕೆರೆದು ತೆಗೆಯುವ ಕಷ್ಟ ನನಗೆ ಬೇಡ.

ಕೇಬಲ್ ಮನೆಯೊಳಗೆ ಹೋಗುವ ಕಡೆ ಸ್ವಲ್ಪ ಜೋಲು ಬಿಟ್ಟು ಕಟ್ಟಿದ್ದೇನೆ, ಹರಿದು ಬಂದ ನೀರು ಅದರ ತಳದಲ್ಲಿ ತೊಟ್ಟಿಕ್ಕಿ ಬೀಳುತ್ತದೆ. ಡೈಪೋಲಿನ (ಎರಡು ಕಡೆಗೆ ತಂತಿ ಚಾಚಿದ ಆಂಟೆನಾ) ನಡುವೆ ಕೇಬಲ್ ಬಂದು ಸೇರುವ ಡಬ್ಬಿಯದು ಮಾತ್ರ ಉಲ್ಟಾ ಕಥೆ. ಅದನ್ನು ಪೂರ್ತಿ ಮುಚ್ಚುವುದಿಲ್ಲ. ಹಗಲು ಬಿಸಿಗೆ ಒಳಗಿನ ಗಾಳಿ ಹೊರಗೆ ಹೋಗಿ, ರಾತ್ರಿ ತಣಿದಾಗ ತೇವದ ಗಾಳಿ ಒಳಗೆ ಬಂದು ಹನಿಗಟ್ಟುತ್ತದೆ. ಅದು ಇಳಿದುಹೋಗಲಿ ಅಂತ ತಳದಲ್ಲಿ ಸಣ್ಣ ತೂತು ಕೊರೆದು ಬಲೆ ಅಂಟಿಸಿದ್ದೇನೆ. ಬಲೆ ಇಲ್ಲದಿದ್ದರೆ ಇರುವೆಗಳು ಒಳಗೆ ಸಂಸಾರ ಹೂಡುತ್ತವೆ.