ರಡ್ಡರ್ ಇಲ್ಲದೆ ತಿರುಗಿದ ಹಡಗು: ನನ್ನ ಕ್ವೀನ್ ಮೇರಿ 2 ಮಾಡೆಲ್

"ಗುರು, ಎರಡು ಶಾಫ್ಟ್ ಹಾಕು, ಹಿಂದೆ ಒಂದು ರಡ್ಡರ್ ಕೊಡು, ನೀರೊಳಗೆ ಯಾರು ಬಗ್ಗಿ ನೋಡ್ತಾರೆ?" ಎರಡು ವರ್ಷದಿಂದ ಹಡಗಿನ ಮಾಡೆಲ್ ಮಾಡುವ ನಮ್ಮ ಭಾನುವಾರದ ಗ್ಯಾಂಗ್‌ನಲ್ಲಿ ನನಗೆ ಇದೇ ಉಪದೇಶ. ಶಾಫ್ಟ್ ಅಂದರೆ ಒಳಗಿನ ಮೋಟರ್‌ನಿಂದ ಹೊರಗಿನ ಪ್ರೊಪೆಲ್ಲರ್‌ಗೆ ಹೋಗುವ ಕಂಬಿ, ರಡ್ಡರ್ ಅಂದರೆ ಚುಕ್ಕಾಣಿ. ಕಳೆದ ತಿಂಗಳು ಮಾಗಡಿ ರೋಡ್ ಕಡೆ ಭಾವಮೈದುನನ ತೋಟದ ಕೃಷಿ ಹೊಂಡದಲ್ಲಿ ನನ್ನ ಕ್ವೀನ್ ಮೇರಿ 2 ನಾಲ್ಕು ಪಾಡ್ (ಹಡಗಿನ ಕೆಳಗೆ ನೇತಾಡುವ, ಮೋಟರ್ ಒಳಗೇ ಇರುವ ಪ್ರೊಪೆಲ್ಲರ್ ಗೂಡು) ಮೇಲೆ ಓಡಿತು. ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿತು. ಉಪದೇಶ ಕೊಟ್ಟವರೇ ಮೊಬೈಲಲ್ಲಿ ವಿಡಿಯೋ ಮಾಡಿಕೊಂಡರು. ಹಾಗಾಗಿ ಈಗ ಧೈರ್ಯವಾಗಿ ಬರೆಯಬಹುದು.

ನನ್ನ ಹಟ ಸುಮ್ನೆ ಅಲ್ಲ. ಅಸಲಿ ಹಡಗಿಗೇ ರಡ್ಡರ್ ಇಲ್ಲ. ಸ್ಟೀಫನ್ ಪೇನ್ ಡಿಸೈನ್ ಮಾಡಿ, ಫ್ರಾನ್ಸಿನ ಸೇಂಟ್ ನಜೇರ್‌ನಲ್ಲಿ ಕಟ್ಟಿ, 2004ರ ಜನವರಿಯಲ್ಲಿ ಮೊದಲ ಪ್ರಯಾಣ ಹೊರಟ ಪ್ರಯಾಣಿಕರ ಹಡಗು ಅದು. ಹೊಟ್ಟೆ ಕೆಳಗೆ ನಾಲ್ಕು ಪಾಡ್, ಒಂದೊಂದರೊಳಗೂ 21.5 ಮೆಗಾವಾಟಿನ ಮೋಟರ್. ಮುಂದಿನ ಎರಡು ಅಲ್ಲಾಡಲ್ಲ, ಹಿಂದಿನ ಎರಡು ಸುತ್ತ ತಿರುಗುತ್ತವೆ, ಸ್ಟೀರಿಂಗ್ ಅದರಿಂದಲೇ. ಇದನ್ನು ಬಿಟ್ಟು ಶಾಫ್ಟ್ ಹಾಕಿದರೆ ಮೇರಿ ಬಣ್ಣ ಬಳಿದ ಯಾವುದೋ ದೋಣಿ ಆಗುತ್ತದೆ ಅಷ್ಟೇ.

ಸ್ಕೇಲ್ 1:200. 345 ಮೀಟರ್ ಹಡಗು ನನ್ನ ಕೈಯಲ್ಲಿ 1.72 ಮೀಟರ್ ಆಯಿತು. ಮೊದಲ ಎಡವಟ್ಟು ತೂಕದ್ದು, ಹೇಳೋಕೆ ನಾಚಿಕೆ. ಗ್ರಾಸ್ ಟನ್ನೇಜ್ 1,48,000 ಅಂತ ಎಲ್ಲ ಕಡೆ ಇತ್ತು, ಅದನ್ನೇ ಟನ್ ತೂಕ ಅಂತ ಹಿಡಿದು 80 ಲಕ್ಷದಿಂದ (200 × 200 × 200) ಭಾಗಿಸಿ ಹದಿನೆಂಟೂವರೆ ಕೆಜಿ ಅಂತ ಬರೆದುಕೊಂಡೆ. ಅದು ಒಳಗಿನ ಜಾಗದ ಲೆಕ್ಕ, ತೂಕ ಅಲ್ಲ ಅಂತ ನಿಮಗೆಲ್ಲ ಗೊತ್ತು, ನನಗೂ ಗೊತ್ತಿತ್ತು, ಆ ರಾತ್ರಿ ತಲೆ ಓಡಲಿಲ್ಲ. ಮಾರನೇ ದಿನ ಟೈರ್ ಅಂಗಡಿಗಳಲ್ಲಿ ಸುತ್ತಿ ಹಳೇ ಸೀಸದ ತುಂಡು ಹತ್ತು ಕೆಜಿಗೂ ಜಾಸ್ತಿ ತಂದಿದ್ದಾಯಿತು. ನಿಜವಾದ ಲೆಕ್ಕ ಹತ್ತು ಕೆಜಿ ಒಳಗೇ ಬರುತ್ತದೆ. ಉಳಿದ ಸೀಸ ಇವತ್ತಿಗೂ ಮೆಟ್ಟಿಲ ಕೆಳಗೆ ಬಿದ್ದಿದೆ.

ಎರಡನೇ ಹೊಡೆತ ಮೇಲಿನ ಡೆಕ್ಕುಗಳದ್ದು. ಇದಕ್ಕಿಂತ ಹಿಂದಿನ ಹಡಗು ಕ್ಯೂಇ 2ಗೆ (ಕ್ವೀನ್ ಎಲಿಜಬೆತ್ 2) ಮೇಲ್ಗಡೆ ಅಲ್ಯೂಮಿನಿಯಂ ಹಾಕಿ ತೂಕ ಇಳಿಸಿದ್ದರು. ಪೇನ್ ಇಲ್ಲಿ ಮೇಲಿನವರೆಗೂ ಉಕ್ಕು ಹಾಕಿದ. ಅವನಿಗೆ ನಡೆಯಿತು. ನಾನು 3 ಎಂಎಂ ಸನ್‌ಬೋರ್ಡ್‌ನಲ್ಲಿ (ಪ್ಲಾಸ್ಟಿಕ್ ಫೋಮ್ ಹಲಗೆ) ಕಟ್ಟಿದ್ದು ಮೂರು ಕೆಜಿ ದಾಟಿತು, ನೀರಿಗೆ ಇಟ್ಟ ತಕ್ಷಣ ಕುಡುಕನ ಹಾಗೆ ಬಲಕ್ಕೆ ವಾಲಿ ಹಾಗೇ ಮಲಗಿತು. ಐದು ತಿಂಗಳ ಕೆಲಸ ಕಿತ್ತೆಸೆದೆ. ಬಾಲ್ಕನಿ ಪಟ್ಟಿಗಳನ್ನಾದರೂ ಲೇಸರ್‌ನಲ್ಲಿ ಕತ್ತರಿಸೋಣ ಅಂತ ಉಳಿದ ಸನ್‌ಬೋರ್ಡ್ ಹೊತ್ತು ಪೀಣ್ಯಕ್ಕೆ ಹೋದರೆ, ಆ ಹುಡುಗ ಉಗುರಲ್ಲಿ ಕೆರೆದು ನೋಡಿ, "ಪಿವಿಸಿ ಸಾರ್, ಇದರ ಹೊಗೆ ಮಷಿನ್‌ನೇ ತಿಂದುಹಾಕುತ್ತೆ" ಅಂತ ವಾಪಸ್ ಕಳಿಸಿದ. ಅವನು ಹೇಳಿದ್ದೇ ಸರಿ. ಬಾಲ್ಕನಿಗಳಿಗೆ 1 ಎಂಎಂ ಅಕ್ರಿಲಿಕ್, ಮೇಲಿನ ಡೆಕ್ಕಿಗೆಲ್ಲ ಐವರಿ ಶೀಟ್ (ದಪ್ಪ ಕಾಗದ) ಮೇಲೆ ಮೂರು ಕೋಟ್ ವುಡ್ ಸೀಲರ್. ಮೂರು ಕೆಜಿ ಇದ್ದದ್ದು ಒಂದೂಕಾಲಕ್ಕೆ ಇಳಿಯಿತು.

ಈಗ ಪಾಡ್. ಆಟದ ಡ್ರೋನಿನ ಕೋರ್‌ಲೆಸ್ ಮೋಟರ್‌ಗಳನ್ನು ಎಸ್.ಪಿ. ರೋಡಿನಿಂದ ತಂದು ಹಿತ್ತಾಳೆ ಕೊಳವೆಗೆ ತೂರಿಸಿ, ಗ್ರೀಸ್ ತುಂಬಿ, ಎಂಸೀಲ್ ಹಾಕಿದೆ. ಹತ್ತು ನಿಮಿಷಕ್ಕೆ ನೀರು ಕುಡಿದು ಸತ್ತವು. ಮೇಣ ಹಾಕಿದೆ, ಟೆಫ್ಲಾನ್ ವಾಷರ್ ಹಾಕಿದೆ. ಒಟ್ಟು ಹನ್ನೊಂದು ಮೋಟರ್ ಹೋಯಿತು, ಒಂದೊಂದು ನೂರಿಪ್ಪತ್ತು ರೂಪಾಯಿ ಇರಬೇಕು. ನೀರು ತಡೆಯೋಕೆ ಯಾಕೆ ಒದ್ದಾಡಬೇಕು, ನೀರಿನಲ್ಲೇ ಬದುಕುವ ಮೋಟರ್ ಹಾಕಿದರೆ ಆಯಿತಲ್ವಾ ಅಂತ ಹೊಳೆದದ್ದು ಆಮೇಲೆ. ಚಿಕ್ಕ ಬ್ರಷ್‌ಲೆಸ್ (ಒಳಗೆ ಉಜ್ಜುವ ಬ್ರಷ್ ಇಲ್ಲದ) ಮೋಟರ್‌ಗೆ ನೀರು ಒಳಗೆ ಹೋದರೂ ಏನೂ ಆಗಲ್ಲ, ಬೇರಿಂಗ್ ತುಕ್ಕು ಹಿಡಿಯುತ್ತೆ ಅಷ್ಟೇ, ಓಡಿಸಿದ ಮೇಲೆ ಒರೆಸಿ ಎಣ್ಣೆ ಬಿಟ್ಟರೆ ಸಾಕು. ಕಾಟ ಕೊಟ್ಟಿದ್ದು ಸ್ಪೀಡ್. ಇದೂ ಡ್ರೋನ್ ಮೋಟರ್‌ರೇ, ಹುಚ್ಚು ಹಿಡಿದ ಹಾಗೆ ಸುತ್ತುತ್ತೆ, 30 ಎಂಎಂ ಪ್ರೊಪೆಲ್ಲರ್ ನೀರಿನಲ್ಲಿ ಬರೀ ನೊರೆ ಎಬ್ಬಿಸುತ್ತೆ, ಇಎಸ್‌ಸಿ (ಮೋಟರ್ ಸ್ಪೀಡ್ ನಿಯಂತ್ರಿಸುವ ಬೋರ್ಡ್) ಕಾದು ವಾಸನೆ ಬರುತ್ತೆ.

ಸ್ಪೀಡ್ ಇಳಿಸೋಕೆ ಅವುಗಳನ್ನು ಬಿಚ್ಚಿ, ತೆಳ್ಳಗಿನ ತಂತಿಯಲ್ಲಿ ಜಾಸ್ತಿ ಸುತ್ತು ಹಾಕಿ ರೀವೈಂಡ್ ಮಾಡಬೇಕಾಯಿತು. ತಂತಿ ಕೇಳೋಕೆ ರಾಜಾಜಿನಗರದ ಒಂದು ಪಂಪ್ ವೈಂಡಿಂಗ್ ಅಂಗಡಿಗೆ ಹೋಗಿದ್ದೆ. ಯಜಮಾನರು ಹೆಬ್ಬೆರಳಿನ ಉಗುರಿನಷ್ಟಿದ್ದ ಸ್ಟೇಟರ್ (ತಂತಿ ಸುತ್ತುವ ತಿರುಳು) ಅನ್ನು ಅಂಗೈ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೆ ಏರಿಸಿ, "ಏನ್ ಸಾರ್ ಇದು, ಇರುವೆ ಮನೆ ಬೋರ್‌ವೆಲ್ಲಾ?" ಅಂದರು. ತಂತಿಗೆ ದುಡ್ಡು ತಗೊಳ್ಳಲಿಲ್ಲ. ಬಿದಿರು ಕಡ್ಡಿಯಿಂದ ತಂತಿ ಕೂರಿಸುವುದನ್ನು ತೋರಿಸಿಕೊಟ್ಟವರೂ ಅವರೇ. ಎಷ್ಟು ಸುತ್ತು, ಯಾವ ಗೇಜು ಅಂತ ಮಾತ್ರ ಹೇಳಲ್ಲ. ನಾಲ್ಕು ತಿಂಗಳು ಕಣ್ಣು ಉರಿಸಿಕೊಂಡಿದ್ದೇನೆ, ನೀವೂ ಸ್ವಲ್ಪ ಉರಿಸಿಕೊಳ್ಳಿ.

ಟೆಸ್ಟಿಂಗ್ ಶುರುವಾದದ್ದು 2024ರ ಮಾರ್ಚ್. ಆ ಬೇಸಿಗೆ ಬೆಂಗಳೂರು ಹೇಗಿತ್ತು ಅಂತ ಗೊತ್ತಲ್ಲ. ಇಡೀ ಬೀದಿ ಟ್ಯಾಂಕರ್‌ಗೆ ಕಾಯುತ್ತಿದ್ದಾಗ ನಾನು ಮಹಡಿ ಮೇಲೆ ಮಗಳ ಗಾಳಿ ತುಂಬುವ ಪೂಲ್‌ಗೆ ಎಂಟುನೂರು ಲೀಟರ್ ಬಿಟ್ಟೆ. ನನ್ನ ಹೆಂಡತಿ ಮೆಟ್ಟಿಲ ಹತ್ತಿರ ನಿಂತು ಏನೂ ಮಾತಾಡದೆ ನೋಡಿದಳು, ಅದು ಬೈಗುಳಕ್ಕಿಂತ ಜಾಸ್ತಿ. ಆ ನೀರನ್ನು ಒಂದು ವಾರ ಬಕೆಟ್‌ನಲ್ಲಿ ಗಿಡಕ್ಕೂ ಟಾಯ್ಲೆಟ್‌ಗೂ ನಾನೇ ಹೊತ್ತೆ.

ಪಾಡ್ ಕೈಕೊಟ್ಟಾಗಲೆಲ್ಲ ಒಂದೇ ಸಮಾಧಾನ, ಅಸಲಿಯದ್ದೂ ಕೈಕೊಟ್ಟಿದೆ. 2006ರ ಜನವರಿಯಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್ ಬಿಡುವಾಗ ಒಂದು ಪಾಡ್ ಕಾಲುವೆ ಗೋಡೆಗೆ ತಗುಲಿ, ಸ್ಪೀಡ್ ಇಳಿಸಬೇಕಾಗಿ, ದಾರಿಯ ಬಂದರುಗಳನ್ನು ಬಿಟ್ಟು ರಿಯೋ ಕಡೆ ಹೋಗಬೇಕಾಯಿತು. ಪ್ರಯಾಣಿಕರು ಹಡಗಿನಿಂದ ಇಳಿಯಲ್ಲ ಅಂತ ಜಗಳಕ್ಕೇ ನಿಂತರು. ಅಷ್ಟು ದುಡ್ಡಿನ ಪಾಡ್‌ಗೇ ಹಾಗಾದರೆ ನನ್ನದೇನು ಮಹಾ.

ಹೊಂಡದಲ್ಲಿ ಗಾಳಿ ಇನ್ನೊಂದು ಪಾಠ. ನೀರೊಳಗೆ 5 ಸೆಂ.ಮೀ., ಮೇಲೆ 30 ಸೆಂ.ಮೀ., ಹಾಯಿ ಕಟ್ಟಿದ ಹಾಗೆ. ಅಸಲಿಗೆ ಮೂತಿಯಲ್ಲಿ ಪಕ್ಕಕ್ಕೆ ತಳ್ಳುವ ಮೂರು ಥ್ರಸ್ಟರ್ ಇವೆ. ನಾನು ಮಕ್ಕಳ ಸೈನ್ಸ್ ಪ್ರಾಜೆಕ್ಟಿಗೆ ಸಿಗುವ ತೊಂಬತ್ತು ರೂಪಾಯಿ ಪಂಪ್ ಒಂದನ್ನು ಕೂರಿಸಿದೆ. ಒಂದೇ ಕಡೆಗೆ ತಳ್ಳುತ್ತೆ, ಇನ್ನೊಂದು ಕಡೆಗೆ ಹೇಗೆ ತಳ್ಳಿಸಿದೆ ಅನ್ನೋದು ಎದುರಿಗೆ ಸಿಕ್ಕಾಗ, ಕಾಫಿ ಕೊಡಿಸಿದರೆ ಮಾತ್ರ. ಸ್ಪೀಡ್ ಮಾತ್ರ ಖುಷಿ ಕೊಟ್ಟಿತು. ಮಾಡೆಲ್ ಸ್ಪೀಡಿಗೆ ಸ್ಕೇಲಿನ ವರ್ಗಮೂಲದಿಂದ ಭಾಗಿಸುತ್ತಾರೆ, ಹಾಗಾಗಿ ಅಸಲಿಯ 30 ನಾಟ್ ಈ ಸ್ಕೇಲಿಗೆ ಸೆಕೆಂಡಿಗೆ 1.1 ಮೀಟರ್. ಹತ್ತು ಮೀಟರ್ ಹಗ್ಗ ಎಳೆದು ನೋಡಿದರೆ ಒಂಬತ್ತು ಚಿಲ್ಲರೆ ಸೆಕೆಂಡು.

ಮಧ್ಯೆ ಬೇಡದ ಕೆಲಸಗಳೂ ಆದವು. ರೇಲಿಂಗ್‌ಗೆ ಸೊಳ್ಳೆ ಪರದೆ ಕತ್ತರಿಸಿ ಹಾಕಿದೆ, ಬಣ್ಣ ಬಿದ್ದ ತಕ್ಷಣ ತೂತೆಲ್ಲ ಮುಚ್ಚಿಕೊಂಡು ಗೋಡೆ ಆಯಿತು. ಮುಂದಿನ ಡೆಕ್ಕಿನಲ್ಲಿ ಸ್ಪೇರ್ ಪ್ರೊಪೆಲ್ಲರ್ ಎಲೆಗಳನ್ನು ಶಿಲ್ಪದ ಹಾಗೆ ಜೋಡಿಸಿಟ್ಟಿರುತ್ತಾರಲ್ಲ, ಅವನ್ನು ಹಳೇ ಸ್ಟೀಲ್ ಚಮಚದಿಂದ ಕೊರೆದೆ, ಎಂಟೂ. 2016ರಲ್ಲಿ ಹ್ಯಾಂಬರ್ಗ್‌ನಲ್ಲಿ ರಿಪೇರಿಯಾದಾಗ ಪ್ರಯಾಣಿಕರ ನಾಯಿಗಳ ಜಾಗಕ್ಕೆ ಒಂದು ದೀಪದ ಕಂಬ ಇಟ್ಟರು, ಕಾಲೆತ್ತೋಕೆ. ಗುಂಡುಪಿನ್ನಿನಿಂದ ಅದನ್ನೂ ಮಾಡಿದ್ದೇನೆ. ಹಾರ್ನ್ ಮಾತ್ರ ಸೋತೆ. ಅಸಲಿಯಲ್ಲಿ ಹಳೇ ಕ್ವೀನ್ ಮೇರಿಯ ಹಾರ್ನ್ ಒಂದಿದೆ, ನನ್ನ ಸ್ಪೀಕರ್‌ನಲ್ಲಿ ಅದು ಸಿಗ್ನಲ್‌ನಲ್ಲಿ ಸಿಕ್ಕಿಕೊಂಡ ಸ್ಕೂಟರ್ ತರ ಕೇಳುತ್ತೆ.

ಖರ್ಚು? ಹದಿನೈದು ಸಾವಿರದಲ್ಲಿ ಮುಗಿಸುತ್ತೇನೆ ಅಂದಿದ್ದೆ. ಐವತ್ತರ ಹತ್ತಿರ ಹೋಯಿತು. ಮನೆಯಲ್ಲಿ ಮೂವತ್ತು ಅಂತ ಹೇಳಿದ್ದೇನೆ, ನೀವೂ ಹಾಗೇ ಹೇಳಿ. ಸದ್ಯಕ್ಕೆ ಎಡಗಡೆ ಹಿಂದಿನ ಪಾಡ್ ಕಿರುಗುಟ್ಟುತ್ತಿದೆ, ಈ ಭಾನುವಾರ ಬಿಚ್ಚಬೇಕು.