ಬಿಗ್ಗು, ತಿನ್ನು, ವೆಟ್ಟು: ಕಂಪ್ಯಾರಿಸನ್ ಪಾಠ ಕಡೆಗೂ ಕೈಹಿಡಿದದ್ದು

ಟಾಲ್, ಟಾಲರ್, ಟಾಲೆಸ್ಟ್ ಬಾಯಿಪಾಠ ಮಾಡಿಸುವುದು ಕಷ್ಟವಲ್ಲ. ಮಕ್ಕಳು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಆದರೆ 'ರವಿಗಿಂತ ಕಿರಣ ಎತ್ತರ' ಅನ್ನುವುದನ್ನು ಇಂಗ್ಲಿಷಿನಲ್ಲಿ ಬರೆಯಿರಿ ಅಂದರೆ ಸಾಕು, 'ರವಿ ದ್ಯಾನ್ ಕಿರಣ್ ಈಸ್ ಟಾಲ್' ಅಂತ ಬರುತ್ತದೆ. ಸ್ವಲ್ಪ ಚುರುಕಾದವರು 'ಮೋರ್ ಟಾಲರ್' ಬರೆಯುತ್ತಾರೆ. ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ತೆಗೆದುಕೊಳ್ಳುವವರೆಲ್ಲ ಇದನ್ನು ನೋಡಿಯೇ ಇರುತ್ತೀರಿ.

ನಾನು ಇದಕ್ಕೆ ಮೂರು ವರ್ಷ ಹೆಣಗಿದೆ. ಕೈಯಿಂದ ದುಡ್ಡೂ ಹಾಕಿದೆ. ಮೊದಲು ಎರಡು ಫ್ಲೆಕ್ಸ್ ಚಾರ್ಟ್ ಹೊಡೆಸಿದೆ, ಏಳುನೂರರ ಹತ್ತಿರ ಆಯಿತು. ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಅಷ್ಟೇ. ಟೆಸ್ಟಿನ ದಿನ ಅದಕ್ಕೆ ಬಟ್ಟೆ ಮುಚ್ಚಿದೆ, ಮಕ್ಕಳ ಪೆನ್ನು ನಿಂತುಬಿಟ್ಟಿತು. ಆಮೇಲೆ ಲ್ಯಾಮಿನೇಟ್ ಮಾಡಿಸಿದ ಕಾರ್ಡುಗಳು, ಸಾವಿರದ ನಾನೂರೋ ಐನೂರೋ. ಉಚ್ಚಾರಣೆ ಕೇಳಿಸಲು ಒಂದು ಸ್ಪೀಕರ್, ಅದಕ್ಕೆ ಸಾವಿರದ ಇನ್ನೂರು. ಹತ್ತು ವಾಕ್ಯದ ಟೆಸ್ಟಿನಲ್ಲಿ ಆರಕ್ಕಿಂತ ಜಾಸ್ತಿ ತೆಗೆದವರು ಮೂವತ್ತೆಂಟರಲ್ಲಿ ಹತ್ತೋ ಹನ್ನೊಂದೋ ಮಂದಿ. ಹಿಂದಿನ ವರ್ಷವೂ ಹೆಚ್ಚುಕಡಿಮೆ ಅಷ್ಟೇ ಇತ್ತು.

ಆಗ ಹೊಳೆದದ್ದು ಪ್ರಸ್ತಾರ. ಕನ್ನಡ ಪಿರಿಯಡ್ಡಿನಲ್ಲಿ ಇದೇ ಮಕ್ಕಳು ಲಘು-ಗುರು ಹಾಕಿ ಗಣ ವಿಂಗಡಿಸುತ್ತಾರೆ. ಅಕ್ಷರ ಎಣಿಸುವುದು ಅವರಿಗೆ ನೀರು ಕುಡಿದ ಹಾಗೆ. ಇಂಗ್ಲಿಷಿನಲ್ಲಿ ಅರ್ ಹಾಕಬೇಕೋ ಮೋರ್ ಹಾಕಬೇಕೋ ಅನ್ನುವುದೂ ಹೆಚ್ಚಾಗಿ ಎಣಿಕೆಯ ಮೇಲೇ ಅಲ್ವಾ? ಒಂದೇ ಪೆಟ್ಟಿನ, ಅಂದರೆ ಒಂದೇ ಸಿಲೆಬಲ್ಲಿನ, ಪದಕ್ಕೆ ಅರ್, ಮೂರಾದರೆ ಮೋರ್, ಎರಡಾದರೆ ಪದದ ತುದಿ ನೋಡಬೇಕು. ಸರಿ, ಚಪ್ಪಾಳೆ ತಟ್ಟಿ ಎಣಿಸಿ ಅಂದೆ.

ಮೊದಲ ದಿನವೇ ಕೆಟ್ಟಿತು. ಬಿಗ್ ಅಂದರೆ ಇಡೀ ಕ್ಲಾಸು ಎರಡು ಸಲ ತಟ್ಟಿತು. ಯಾಕೆ ಅಂದರೆ ಅವರ ಬಾಯಲ್ಲಿ ಅದು ಬಿಗ್ ಅಲ್ಲ, ಬಿಗ್ಗು. ಸ್ಟ್ರಾಂಗು, ಕ್ಲೀನು, ವೆಟ್ಟು, ಎಲ್ಲದಕ್ಕೂ ನಮ್ಮ ಉಕಾರ ಅಂಟಿಕೊಂಡಿದೆ. ಬಸ್ಸು, ಕಾರು ಅಂದ ಹಾಗೇ. ಎಣಿಕೆ ಎರಡಾಯಿತು, 'ಮೋರ್ ಬಿಗ್' ಅಂತ ಬರೆದರು. ಅಲ್ಲಿಯವರೆಗೆ ಬಿಗ್ಗರ್ ಅಂತ ಸರಿಯಾಗಿ ಹೇಳುತ್ತಿದ್ದವರೂ ಕೆಟ್ಟರು. "ಮೇಷ್ಟ್ರೇ, ಇಂಗ್ಲಿಷ್ ಕ್ಲಾಸಿಗೆ ಕನ್ನಡ ತಂದರೆ ಹೀಗೇ ಆಗೋದು. ಮೊದಲು ಆ ಉಚ್ಚಾರ ಬಿಡಿಸಿ" ಅಂದರು ಜೊತೆಯ ಶಿಕ್ಷಕರೊಬ್ಬರು. ತರಬೇತಿಯಲ್ಲಿ ಹೇಳಿಕೊಂಡಾಗಲೂ ಇದೇ ಮಾತು ಬಂತು.

ಒಂದು ವಾರ ಬಿಡಿಸಲು ನೋಡಿದೆ. ಆಗಲಿಲ್ಲ. ಹುಟ್ಟಿದಾಗಿನಿಂದ ಬಂದ ನಾಲಿಗೆ ವಾರದಲ್ಲಿ ತಿರುಗುವುದಿಲ್ಲ. ಸುಮ್ನೆ ಕೂತು ಅವರು ಹೇಳುವ ಪದಗಳನ್ನು ಅವರು ಹೇಳಿದ ಹಾಗೇ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಒಂದು ಕಡೆ ಬಿಗ್ಗು, ವೆಟ್ಟು, ಫಿಟ್ಟು, ಡಿಮ್ಮು, ರೆಡ್ಡು. ಇನ್ನೊಂದು ಕಡೆ ಕ್ಲೀನು, ಕೂಲು, ಡೀಪು, ವೀಕು. ಬರೆದ ಮೇಲೆ ನನಗೇ ಮೈ ಜುಮ್ಮೆಂದಿತು. ಎಲ್ಲಿ ಕನ್ನಡದ ಬಾಯಿ ಒತ್ತಕ್ಷರ ಹಾಕುತ್ತದೋ ಅಲ್ಲೇ ಇಂಗ್ಲಿಷ್ ಕೂಡ ಕೊನೆಯ ಅಕ್ಷರವನ್ನು ಎರಡು ಮಾಡುತ್ತದೆ! ಬಿಗ್ಗರ್‌ಗೆ ಎರಡು ಜಿ, ವೆಟ್ಟರ್‌ಗೆ ಎರಡು ಟಿ. ಕ್ಲೀನರ್‌ಗೆ ಒಂದೇ ಎನ್. ಸ್ವರ ಗಿಡ್ಡವಾದರೆ ಒತ್ತು, ಉದ್ದವಾದರೆ ಒತ್ತಿಲ್ಲ. ನಾವು 'ಕಾನ್ಸೊನೆಂಟ್, ವೊವೆಲ್, ಕಾನ್ಸೊನೆಂಟ್' ಅಂತ ಬೋರ್ಡಿನ ಮೇಲೆ ಬರೆದು ಸುಸ್ತಾಗುವ ನಿಯಮ ಮಕ್ಕಳ ಬಾಯಲ್ಲೇ ಇತ್ತು.

ಹಾಗಾಗಿ ಪಾಠವನ್ನು ಎರಡು ಹಂತ ಮಾಡಿದೆ. ಎಣಿಸುವಾಗ ಬಾಲ ಕತ್ತರಿಸಿ: ಬಿಗ್ಗು ಹೋಗಿ ಬಿಗ್, ಒಂದೇ ಚಪ್ಪಾಳೆ. ಸ್ಪೆಲಿಂಗ್ ಬರೆಯುವಾಗ ಬಾಲ ವಾಪಸ್ ತನ್ನಿ: ಬಿಗ್ಗು, ಒತ್ತು ಇದೆ, ಎರಡು ಜಿ. ಥಿನ್ ಅನ್ನು ಅವರು 'ತಿನ್ನು' ಅನ್ನುತ್ತಾರೆ. ತಿನ್ನುವುದಕ್ಕೂ ತೆಳ್ಳಗಾಗುವುದಕ್ಕೂ ಸಂಬಂಧ ಹಚ್ಚಿ ಕ್ಲಾಸು ಒಂದು ದಿನ ಪೂರ್ತಿ ನಕ್ಕಿತು. ಆ ಪದದ ಎರಡು ಎನ್ ಇವತ್ತಿಗೂ ಯಾರೂ ಮರೆತಿಲ್ಲ.

ಇದು ಎಲ್ಲ ಕಡೆ ನಡೆಯುವುದಿಲ್ಲ. ಹಾಟು, ಫ್ಯಾಟು, ಸ್ಯಾಡು, ಈ ಮೂರಕ್ಕೆ ನಮ್ಮ ಬಾಯಲ್ಲಿ ಒತ್ತಿಲ್ಲ, ಇಂಗ್ಲಿಷಿನಲ್ಲಿ ಎರಡಾಗುತ್ತದೆ. ಇವನ್ನು ಬಾಯಿಪಾಠವೇ ಮಾಡಿಸಿದೆ. ಥಿಕ್ಕು, ರಿಚ್ಚು, ಡಲ್ಲು ಇನ್ನೊಂದು ಗುಂಪು. ಅಲ್ಲಿ ಸ್ಪೆಲಿಂಗಿನ ಕೊನೆಗೆ ಆಗಲೇ ಎರಡು ಅಕ್ಷರ ಇವೆ, ಮತ್ತೆ ಸೇರಿಸುವ ಹಾಗಿಲ್ಲ. ಈ ಗುಂಪನ್ನು ಬೇರೆ ದಿನ ಇಟ್ಟುಕೊಳ್ಳಿ. ಒಂದೇ ದಿನ ಹೇಳಿ ನಾನು ಒಮ್ಮೆ ಎಲ್ಲ ಕಲಸಿಹಾಕಿದ್ದೇನೆ.

'ದ್ಯಾನ್' ವಿಚಾರಕ್ಕೆ ಖರ್ಚು ಏನೂ ಆಗಲಿಲ್ಲ. ಹಳೇ ಕ್ಯಾಲೆಂಡರ್ ಹಾಳೆ ಕತ್ತರಿಸಿ ಚೀಟಿ ಮಾಡಿದೆ. ಕನ್ನಡದ 'ಗಿಂತ' ಹೆಸರಿನ ಬೆನ್ನಿಗೆ ಅಂಟುತ್ತದೆ, ಇಂಗ್ಲಿಷಿನ ದ್ಯಾನ್ ಅದೇ ಹೆಸರಿನ ಎದುರಿಗೆ ನಿಲ್ಲುತ್ತದೆ. ಮೂವರು ಮಕ್ಕಳನ್ನು ನಿಲ್ಲಿಸಿ, ಗಿಂತ ಹಿಡಿದವನನ್ನು ರವಿಯ ಹಿಂದಿನಿಂದ ಮುಂದಕ್ಕೆ ಓಡಿಸುವುದು, ಅಷ್ಟೇ ಆಟ. ಆ ಆಟದಲ್ಲಿ ಮೋರ್ ಟಾಲರ್ ಬಿಡಿಸುವ ಒಂದು ಚಿಕ್ಕ ತಿರುವು ಸೇರಿಸಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ, ಇನ್ನೊಂದು ವರ್ಷ ಮಾಡಿ ನೋಡಬೇಕು.

ಸೀನಿಯರ್, ಜೂನಿಯರ್‌ಗೆ ದ್ಯಾನ್ ಬರದೆ 'ಟು' ಬರುತ್ತದಲ್ಲ, ಅದಕ್ಕೂ ಕನ್ನಡವೇ ಬಂತು. 'ಅವರು ನನಗೆ ಸೀನಿಯರ್' ಅಂತ ನಾವು ಹೇಳುತ್ತೇವೆ. 'ಗೆ' ಅಂದರೆ ಟು. ಐದು ನಿಮಿಷದಲ್ಲಿ ಮುಗಿಯಿತು.

ನಡುವೆ ಉದಾಹರಣೆಗೆ ಬೆಟ್ಟಗಳನ್ನು ತೆಗೆದುಕೊಂಡೆ. ನಮ್ಮದು ಚಿಕ್ಕಮಗಳೂರು ಕಡೆಯ ಹಳ್ಳಿ, ಮೋಡ ಇಲ್ಲದ ದಿನ ಮುಳ್ಳಯ್ಯನಗಿರಿ ಕಾಣುತ್ತದೆ. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕುದುರೆಮುಖ 1,890ರ ಆಚೀಚೆ, ಕೊಡಗಿನ ತಡಿಯಂಡಮೋಳ್ 1,750ರ ಹತ್ತಿರ. ಹೋಲಿಸಿ ಬರೆಯಿರಿ ಅಂದರೆ ಎಲ್ಲರೂ ಬೆಟ್ಟಕ್ಕೆ 'ಟಾಲರ್' ಹಾಕಿದರು. ಕನ್ನಡದ ಎತ್ತರ ಮನುಷ್ಯನಿಗೂ ಬೆಟ್ಟಕ್ಕೂ ಒಂದೇ, ಅವರ ತಪ್ಪೇನಿಲ್ಲ. ಬೆಟ್ಟಕ್ಕೆ ಹೈಯರ್ ಹೆಚ್ಚು ರೂಢಿ ಅಂತ ಕಲಿಸಲು ಇನ್ನೊಂದು ಪಿರಿಯಡ್ ಹೋಯಿತು. ಆದರೆ ಅದರಿಂದ ದೊಡ್ಡ ಲಾಭ ಬಂತು. 'ಹೈಯರ್ ದ್ಯಾನ್ ಎನಿ ಅದರ್ ಪೀಕ್' ಬರೆಯುವಾಗ 'ಅದರ್' ಬಿಟ್ಟುಬಿಡುವುದು ಮಕ್ಕಳ ಹಳೇ ಚಾಳಿ. "ಸಾರ್, ಅದು ಬಿಟ್ಟರೆ ಮುಳ್ಳಯ್ಯನಗಿರಿ ಮುಳ್ಳಯ್ಯನಗಿರಿಗಿಂತಾನೇ ಎತ್ತರ ಆಗುತ್ತೆ" ಅಂದಳು ಹಿಂದಿನ ಬೆಂಚಿನ ಹುಡುಗಿ. 'ಬೇರೆ ಯಾವ ಬೆಟ್ಟಕ್ಕಿಂತಲೂ' ಅನ್ನುವಾಗಿನ 'ಬೇರೆ'ಯೇ ಅದರ್ ಅಂತ ಅವಳೇ ಕಂಡುಕೊಂಡಳು. ಆ ದಿನ ಮನೆಗೆ ಹೋಗುವಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಡಿಸೆಂಬರಿನಲ್ಲಿ ಮತ್ತೆ ಹತ್ತು ವಾಕ್ಯದ ಟೆಸ್ಟ್ ಕೊಟ್ಟೆ. ಚಾರ್ಟ್ ಇಲ್ಲ, ಕಾರ್ಡ್ ಇಲ್ಲ. ಆರಕ್ಕಿಂತ ಜಾಸ್ತಿ ತೆಗೆದವರು ಇಪ್ಪತ್ತೊಂಬತ್ತೋ ಮೂವತ್ತೋ ಮಂದಿ. ಏಳೆಂಟು ಮಕ್ಕಳಿಗೆ ಹತ್ತಕ್ಕೆ ಹತ್ತು. ಕನ್ನಡ ತರಬೇಡಿ ಅಂದಿದ್ದ ಶಿಕ್ಷಕರು ಪೇಪರುಗಳನ್ನು ತಾವೇ ತೆಗೆದುಕೊಂಡು ಇನ್ನೊಮ್ಮೆ ತಿದ್ದಿದರು. ಒಂದು ಮಾರ್ಕೂ ಬದಲಾಗಲಿಲ್ಲ. ಈ ಪಾಠ ನಾನು ಚೆನ್ನಾಗಿ ಮಾಡುತ್ತೇನೆ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ.

ಟಾಲೆಸ್ಟ್ ಎದುರಿನ 'ದ' ಬಿಡುವುದು ಮಾತ್ರ ಇನ್ನೂ ನಿಂತಿಲ್ಲ. ಕನ್ನಡದಲ್ಲಿ ಅದಕ್ಕೆ ಸಮನಾದದ್ದು ಏನೂ ಇಲ್ಲ, ಹಿಡಿದುಕೊಳ್ಳಲು ಕೊಂಡಿ ಸಿಗುತ್ತಿಲ್ಲ. 'ಎಲ್ಲರಿಗಿಂತ' ಅನ್ನುವ ಪದ ಕಂಡಲ್ಲೆಲ್ಲ ಮೊದಲು 'ದ' ಬರೆದು, ಆಮೇಲೆ ಉಳಿದದ್ದನ್ನು ಬರೆಯುವ ಪ್ರಯೋಗ ಈಗ ಒಂಬತ್ತನೇ ಕ್ಲಾಸಿನಲ್ಲಿ ನಡೆಯುತ್ತಿದೆ.