ನಾಲ್ಕೆತ್ತಿನ ಗಾಡಿಯ ಸೂಲಗಿತ್ತಿ

ನಮ್ಮ ಕನ್ನಡ ಗೆಳೆಯರು ಯುಗಾದಿ ಸಂಚಿಕೆಗೆಂದು ಒಂದು ವಿಷಯ ಕೊಟ್ಟಿದ್ದರು: ನಾವಿರುವ ಊರಿನ ಹಿರಿಯರೊಬ್ಬರ ಬದುಕು. ನಾನಿರುವುದು ಅಮೆರಿಕದ ಯೂಟಾ ರಾಜ್ಯದ ಬೌಂಟಿಫುಲ್‌ನಲ್ಲಿ, ಸಾಲ್ಟ್ ಲೇಕ್ ನಗರದ ಉತ್ತರಕ್ಕೆ. ಊರಿಗೆ ಮೊದಲಿದ್ದ ಹೆಸರು ಸೆಷನ್ಸ್ ಸೆಟ್ಲ್‌ಮೆಂಟ್. ಇಲ್ಲಿ ಮೊದಲು ನೆಲೆ ನಿಂತವನು ಪೆರಿಗ್ರಿನ್ ಸೆಷನ್ಸ್. ನಾನು ಆರಿಸಿಕೊಂಡದ್ದು ಅವನನ್ನಲ್ಲ, ಅವನ ತಾಯಿ ಪ್ಯಾಟಿಯನ್ನು.

ಮೊದಲ ಕರಡನ್ನು ಒಂದೇ ರಾತ್ರಿಯಲ್ಲಿ ಬರೆದು ಮುಗಿಸಿದೆ. ಸಾಧ್ವಿ, ತ್ಯಾಗಮಯಿ, ದೈವಭಕ್ತೆ, ಎಲ್ಲ ಮಾತುಗಳೂ ಅದರಲ್ಲಿದ್ದವು. ಬೆಳಗ್ಗೆ ಓದಿದರೆ, ಹೆಸರೊಂದನ್ನು ಬದಲಿಸಿದರೆ ಯಾರ ಅಜ್ಜಿಯ ವೈಕುಂಠ ಸಮಾರಾಧನೆಗೂ ಹೊಂದುವಂತಿತ್ತು. ಜೊತೆಗೆ ಒಂದು ತಪ್ಪು ಬೇರೆ. ಯೂಟಾದಲ್ಲಿ ಜುಲೈ 24 ರಜಾ ದಿನ. 1847ರಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ಈ ಕಣಿವೆಗೆ ಬಂದ ನೆನಪಿಗೆ ಮೆರವಣಿಗೆ ನಡೆಯುತ್ತದೆ. ಪ್ಯಾಟಿಯನ್ನೂ ನಾನು ಅದೇ ದಿನ ಕರೆತಂದಿದ್ದೆ. ಆಕೆ ಬಂದದ್ದು ಸರಿಯಾಗಿ ಎರಡು ತಿಂಗಳ ನಂತರ, ಸೆಪ್ಟೆಂಬರ್ 24ರಂದು. ಆಗ ಆಕೆಗೆ 52 ವರ್ಷ. ನಾಲ್ಕೆತ್ತಿನ ಗಾಡಿಯನ್ನು ತಾನೇ ಹೊಡೆದುಕೊಂಡು ಬಂದಿದ್ದಳು.

ಕರಡನ್ನು ಹರಿದು ಪ್ಯಾಟಿಯ ದಿನಚರಿ ಹಿಡಿದು ಕೂತೆ. 1846ರ ಫೆಬ್ರವರಿಯಲ್ಲಿ ಇಲಿನಾಯ್ ರಾಜ್ಯದ 'ನಾವೂ' ಎಂಬ ಪಟ್ಟಣ ಬಿಟ್ಟು ಹೊರಡುವಾಗ ಮಗಳು ಸಿಲ್ವಿಯಾ ಕೊಟ್ಟ ಪುಸ್ತಕ ಅದು. ನನ್ನ ನೋಟ್‌ಬುಕ್ಕಿನಲ್ಲಿ ಭಕ್ತಿಗೊಂದು, ಕೆಲಸಕ್ಕೊಂದು ಎಂದು ಎರಡು ಅಂಕಣ ಎಳೆದುಕೊಂಡಿದ್ದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಗೆರೆ ಅಳಿಸಬೇಕಾಯಿತು. ಬಟ್ಟೆ ಒಗೆದದ್ದು, ಪ್ರಾರ್ಥನಾ ಸಭೆ, ನಡುರಾತ್ರಿಯ ಹೆರಿಗೆ, ಎಲ್ಲವೂ ಒಂದೇ ಉಸಿರಿನಲ್ಲಿ ಬರುತ್ತವೆ. ಪೂರ್ಣವಿರಾಮದ ಗೊಡವೆಯೂ ಆಕೆಗಿಲ್ಲ.

ಹೆರಿಗೆಗೆ ಆಕೆ ಬಳಸುವ ಮಾತು 'ಪುಟ್ ಟು ಬೆಡ್'. ಮೊದಲ ದಿನ ನಾನು ಅದನ್ನು, ಪಾಪ, ಯಾರ‍್ಯಾರನ್ನೋ ಜೋಗುಳ ಹಾಡಿ ಮಲಗಿಸುತ್ತಿದ್ದಳು ಎಂದೇ ಓದಿಕೊಂಡೆ! 'ಹೆರಿಗೆ ಮಾಡಿಸಿದೆ' ಎಂದು ಬರೆದರೆ ಆಸ್ಪತ್ರೆಯ ವಾಸನೆ ಬರುತ್ತಿತ್ತು. ಕೊನೆಗೆ ಆಕೆಯನ್ನು ಸೂಲಗಿತ್ತಿ ಎಂದು ಕರೆದ ಮೇಲೆ ಉಳಿದ ಮಾತುಗಳು ತಾವಾಗಿ ಬಂದವು. ಈ ವಿದ್ಯೆ ಆಕೆಗೆ ಹತ್ತಿದ್ದು ಅತ್ತೆಯ ಮನೆಯಲ್ಲಿ. ಅತ್ತೆಯೂ ಸೂಲಗಿತ್ತಿಯೇ, ವಾತದಿಂದ ನಡೆಯಲಾರದವಳು. 3,977 ಮಕ್ಕಳನ್ನು ಪ್ಯಾಟಿ ಭೂಮಿಗೆ ಇಳಿಸಿಕೊಂಡಳೆಂಬ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಮೊದಲ ಕರಡು ಶುರುವಾಗುತ್ತಿದ್ದುದೇ ಆ ಸಂಖ್ಯೆಯಿಂದ. ಈಗ ಅದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಇಟ್ಟೆ: ತಾನು ಹೆತ್ತದ್ದು ಎಂಟು, ದೊಡ್ಡವರಾಗಿ ಉಳಿದದ್ದು ಮೂವರು.

ಬಹಳ ತಡೆದದ್ದು ರೊಸಿಲ್ಲಾಳ ವಿಚಾರ. ಆ ಕಾಲದ ಮಾರ್ಮನ್ನರಲ್ಲಿ ಬಹುಪತ್ನಿತ್ವ ಧರ್ಮದ ಭಾಗ. ಪ್ಯಾಟಿಯ ಗಂಡ ಡೇವಿಡ್ 1845ರಲ್ಲಿ ರೊಸಿಲ್ಲಾಳನ್ನೂ ಮದುವೆಯಾದ. ಪ್ಯಾಟಿ ಆ ನಂಬಿಕೆಯನ್ನು ಒಪ್ಪಿದವಳು. ಆದರೂ 1846ರ ಪುಟಗಳಲ್ಲಿ ನಿದ್ದೆಗೆಟ್ಟ ರಾತ್ರಿಗಳೂ ಕಣ್ಣೀರೂ ಇವೆ. 'ಸವತಿ' ಎಂದು ಬರೆದೆ, ಅಳಿಸಿದೆ, ಮತ್ತೆ ಬರೆದೆ. ಆ ಪದ ತರುವ ಜನಪದ ಕಥೆಯ ವಿಷ ನನಗೆ ಬೇಕಿರಲಿಲ್ಲ. ಆದರೆ ಅದಕ್ಕಿಂತ ಮೃದುವಾದ ಪದ ಹಾಕಿದರೆ ಸುಳ್ಳಾಗುತ್ತಿತ್ತು. ನೆರೆಮನೆಯ ಹಿರಿಯ ಮಹಿಳೆ ಅದೇ ಮಾರ್ಮನ್ ಪಂಥಕ್ಕೆ ಸೇರಿದವರು. ಅವರಿಗೆ ನೋವಾದೀತೆಂದು ಇಡೀ ಭಾಗವನ್ನೇ ಬಿಡಲು ಹೊರಟಿದ್ದೆ. ಅವರು ಕಾಫಿ ಕುಡಿಯುವವರಲ್ಲ. ಬಿಸಿನೀರಿನ ಲೋಟ ಹಿಡಿದು ನನ್ನ ಬಾಯಿಮಾತಿನ ಅನುವಾದವನ್ನು ಕೊನೆಯವರೆಗೆ ಕೇಳಿದರು. "ಆಕೆ ಬರೆದಿಟ್ಟದ್ದನ್ನು ನೀವು ಏಕೆ ಮುಚ್ಚಿಡುತ್ತೀರಿ?" ಎಂದರು. ಉಳಿಸಿಕೊಂಡೆ.

1850ರಲ್ಲಿ ಡೇವಿಡ್ ತೀರಿಕೊಂಡದ್ದು, ಮರುವರ್ಷ ಜಾನ್ ಪ್ಯಾರಿಯೊಡನೆ ಮದುವೆ, ಇವೆರಡನ್ನೂ ಎರಡು ವಾಕ್ಯಗಳಲ್ಲಿ ದಾಟಿದೆ. ಹಣ್ಣಿನ ತೋಟಕ್ಕೆ, ಮೊಮ್ಮಕ್ಕಳಿಗೂ ಬಡವರ ಮಕ್ಕಳಿಗೂ ಆಕೆ ಕಟ್ಟಿಸಿದ ಶಾಲೆಗೆ ಹೆಚ್ಚು ಜಾಗ ಕೊಟ್ಟೆ. ಪ್ಯಾಟಿ ತೀರಿಕೊಂಡದ್ದು 1892ರ ಡಿಸೆಂಬರ್ 14ರಂದು, 97ನೆಯ ವಯಸ್ಸಿನಲ್ಲಿ. ನನ್ನ ಬರಹ ಅಲ್ಲಿಗೆ ಮುಗಿಯಲಿಲ್ಲ. ಮುಪ್ಪಿನ ದಿನಚರಿಯಲ್ಲಿ ಆಕೆ ಹೆಣೆದ ಕಾಲುಚೀಲಗಳ ಮಾತು ಬರುತ್ತದೆ. ಸಾವಿನ ತಾರೀಕಿನ ನಂತರ ಅದನ್ನು ಇಟ್ಟೆ. ಸಂಚಿಕೆಯವರು ಸಪ್ಪೆಯಾಯಿತೆಂದು ತೆಗೆದುಹಾಕಿದರು. ಫೋನ್ ಮಾಡಿ ಮತ್ತೆ ಸೇರಿಸಿದೆ.